ಸೀರಿಯಲ್ ಹೆಸರಿನ ಪತ್ತೇದಾರಿ ಆಟಗಳು: ಹುಡುಕೋದು ಎಷ್ಟು, ತನಿಖೆ ಎಷ್ಟು?

ಪ್ರಶ್ನೆ: ನಾನು ಬ್ಯಾಂಕ್ ಕೆಲಸದಿಂದ ರಿಟೈರ್ ಆಗಿ ಶಿವಮೊಗ್ಗದಲ್ಲಿ ಇದ್ದೀನಿ. ಪತ್ತೇದಾರಿ ಸೀರಿಯಲ್ ಅಂದ್ರೆ ಮೊದಲಿನಿಂದಲೂ ಇಷ್ಟ. ಸಿಎಸ್‌ಐ, ಎನ್‌ಸಿಐಎಸ್, ಕ್ರಿಮಿನಲ್ ಮೈಂಡ್ಸ್ ಎಲ್ಲ ನೋಡಿದ್ದೀನಿ. ಫೋನಿನಲ್ಲಿ 'ಕ್ರಿಮಿನಲ್ ಕೇಸ್' ಅನ್ನೋ ಆಟ ಆಡ್ತಿದ್ದೆ. ಚಿತ್ರದಲ್ಲಿ ಅಡಗಿಸಿಟ್ಟ ವಸ್ತು ಹುಡುಕೋದು ಖುಷಿ ಕೊಡುತ್ತೆ, ಆದ್ರೆ ಐದು ನಿಮಿಷ ಆಡಿದ್ರೆ ಎನರ್ಜಿ ಖಾಲಿ, ಆಮೇಲೆ ಕಾಯಬೇಕು ಇಲ್ಲ ದುಡ್ಡು ಕಟ್ಟಬೇಕು. ಸೀರಿಯಲ್‌ಗಳ ಹೆಸರಲ್ಲೇ ಇಂಥ ಆಟಗಳಿವೆ ಅಂತ ಗೊತ್ತಾಯ್ತು. ಯಾವುದು ಚೆನ್ನಾಗಿದೆ? ಯಾವುದರಲ್ಲಿ ಸೀರಿಯಲ್ ನೋಡಿದ ಹಾಗೇ ಅನ್ನಿಸುತ್ತೆ? ದುಡ್ಡು ಹಾಕೋದು ಸರೀನಾ? ಮನೆಯಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಕೂಡ ಇದೆ.

ಉತ್ತರ: ಮೇಡಂ, ಮೊದಲು ನೇರ ಉತ್ತರ ಕೊಟ್ಟುಬಿಡ್ತೀನಿ, ವಿವರ ಆಮೇಲೆ. ನಿಮಗೆ ಬೇಕಾಗಿರೋದು ಆರಾಮವಾಗಿ ವಸ್ತು ಹುಡುಕೋ ಆಟ, ಎನರ್ಜಿ ಕಾಟ ಇರಬಾರದು ಅಂದ್ರೆ, ಲ್ಯಾಪ್‌ಟಾಪಿಗೆ 'ಮರ್ಡರ್, ಶೀ ರೋಟ್' ಅನ್ನೋ ಹಳೇ ಸೀರಿಯಲ್ ಹೆಸರಿನ ಆಟ ಹುಡುಕಿ. ನಿಜವಾಗಿ ತಲೆ ಓಡಿಸಿ ತನಿಖೆ ಮಾಡ್ಬೇಕು ಅಂದ್ರೆ ಸಿಎಸ್‌ಐ ಹೆಸರಿನ ಹಳೇ ಕಂಪ್ಯೂಟರ್ ಆಟಗಳನ್ನು ಯಾವುದೂ ಮೀರಿಸಿಲ್ಲ. ಫೋನಿನಲ್ಲೇ, ಪುಕ್ಕಟೆಯಾಗೇ ಬೇಕು ಅಂತಾದ್ರೆ ಸಿಎಸ್‌ಐ, ಎನ್‌ಸಿಐಎಸ್, ಕ್ರಿಮಿನಲ್ ಮೈಂಡ್ಸ್ ಮೂರಕ್ಕೂ ಫೋನ್ ಆಟಗಳು ಬಂದಿದ್ದವು, ಇವತ್ತು ಯಾವುದು ಸಿಗುತ್ತೆ ಅಂತ ನೋಡ್ಕೋಬೇಕು. ಆದ್ರೆ ಮೂರರಲ್ಲೂ ನೀವು ಹೇಳಿದ ಅದೇ ಎನರ್ಜಿ ಕಾಟ ನಿಮ್ಮನ್ನು ಬಿಡೋದಿಲ್ಲ. ಹೆಸರು ಬೇರೆ, ಒಳಗಿನ ಯಂತ್ರ ಒಂದೇ.

ಹೀಗ್ಯಾಕೆ ಅಂತ ತಿಳಿಯೋಕೆ ಈ ಆಟಗಳು ಎಲ್ಲಿಂದ ಬಂದವು ಅಂತ ಸ್ವಲ್ಪ ನೋಡಬೇಕು. ಚಿತ್ರದಲ್ಲಿ ಅಡಗಿರೋದನ್ನು ಹುಡುಕೋದು ಮಕ್ಕಳ ಪುಸ್ತಕದಷ್ಟು ಹಳೇದು. ಅದನ್ನು ಪತ್ತೇದಾರಿಕೆಗೆ ಅಂಟಿಸಿ ದೊಡ್ಡ ವ್ಯಾಪಾರ ಮಾಡಿದ್ದು ಸಿಯಾಟಲ್‌ನ ಬಿಗ್ ಫಿಶ್ ಗೇಮ್ಸ್, 2005ರಲ್ಲಿ, 'ಮಿಸ್ಟರಿ ಕೇಸ್ ಫೈಲ್ಸ್: ಹಂಟ್ಸ್‌ವಿಲ್' ಆಟದ ಮೂಲಕ. ಗಲೀಜಾದ ಒಂದು ಕೋಣೆ, ಕೆಳಗೆ ಒಂದು ಪಟ್ಟಿ, ಮೇಲೆ ಓಡೋ ಗಡಿಯಾರ. ಅಷ್ಟೇ. ಆಡಿದವರಲ್ಲಿ ತುಂಬಾ ಜನ ಅದುವರೆಗೆ ವಿಡಿಯೊ ಗೇಮ್ ಮುಟ್ಟದವರು. ಬಂದೂಕು ಹಿಡಿದು ಓಡೋ ಆಟ ಬೇಡ ಅನ್ನೋರು, ಮಧ್ಯ ವಯಸ್ಸಿನ ಹೆಂಗಸರು, ರಿಟೈರ್ ಆದವರು. ಅಮೆರಿಕದ ಟೀವಿ ಚಾನೆಲ್‌ಗಳಿಗೆ ತಕ್ಷಣ ಹೊಳೆಯಿತು: ಅರೆ, ಸಂಜೆ ನಮ್ಮ ಕ್ರೈಂ ಸೀರಿಯಲ್ ನೋಡೋರೂ ಇವರೇ ಅಲ್ವಾ! ಅಲ್ಲಿಂದ ಮುಂದೆ ಇಂಥ ಹುಡುಕೋ ಆಟಗಳಿಗೂ ಸೀರಿಯಲ್ ಹೆಸರು ಬಾಡಿಗೆಗೆ ಕೊಡೋ ಕೆಲಸ ಶುರುವಾಯಿತು. ಇಂಥ ಆಟ ಮಾಡೋಕೆ ಖರ್ಚೂ ಕಮ್ಮಿ. ಚಿತ್ರ ಬರೆಯೋರು, ಒಗಟು ಕಟ್ಟೋರು, ಮಾತು ಬರೆಯೋರು ಇದ್ರೆ ಸಾಕು.

ಹಾಗಾಗಿ ಡಬ್ಬದ ಮೇಲಿನ ಸೀರಿಯಲ್ ಹೆಸರು ನೋಡಿ ಮೋಸ ಹೋಗಬೇಡಿ. ನಾನು ಇಂಥ ಯಾವುದೇ ಆಟ ತೆರೆದ್ರೂ ಒಂದೇ ಪ್ರಶ್ನೆ ಕೇಳ್ಕೋತೀನಿ: ಇಲ್ಲಿ ನಾನು ತಪ್ಪು ಮಾಡೋಕೆ ಸಾಧ್ಯ ಇದ್ಯಾ? ಸಿಕ್ಕ ಸಾಕ್ಷ್ಯವನ್ನು ತಪ್ಪಾಗಿ ಅರ್ಥ ಮಾಡ್ಕೊಂಡು, ತಪ್ಪು ಮನುಷ್ಯನ ಹಿಂದೆ ಬೀಳೋಕೆ ಆಟ ಬಿಡುತ್ತಾ? ಬಿಟ್ರೆ ಅದು ತನಿಖೆ. ಬಿಡದೇ ಇದ್ರೆ ಅದು ಕಣ್ಣಿನ ವ್ಯಾಯಾಮ. ಕಣ್ಣಿನ ವ್ಯಾಯಾಮ ಕೆಟ್ಟದ್ದೇನಲ್ಲ, ನನಗೂ ಇಷ್ಟಾನೇ. ಆದ್ರೆ ಯಾವುದಕ್ಕೆ ದುಡ್ಡು ಕೊಡ್ತಿದ್ದೀವಿ ಅಂತ ಗೊತ್ತಿರಬೇಕು.

ನೀವು ಆಡಿದ ಕ್ರಿಮಿನಲ್ ಕೇಸ್‌ನಿಂದಲೇ ಶುರು ಮಾಡೋಣ. ಇದಕ್ಕೆ ಯಾವ ಸೀರಿಯಲ್‌ನ ಹೆಸರೂ ಇಲ್ಲ, ಆದ್ರೆ ಆಮೇಲೆ ಫೋನಿಗೆ ಬಂದ ಸೀರಿಯಲ್ ಆಟಗಳಿಗೆ ಅಚ್ಚು ಇದೇ. ಪ್ಯಾರಿಸ್‌ನ ಪ್ರೆಟಿ ಸಿಂಪಲ್ ಅನ್ನೋ ಕಂಪನಿ 2012ರಲ್ಲಿ ಫೇಸ್‌ಬುಕ್‌ನಲ್ಲಿ ಬಿಟ್ಟಿತು. ಮರುವರ್ಷ ಫೇಸ್‌ಬುಕ್ ಇದನ್ನೇ ವರ್ಷದ ಆಟ ಅಂತ ಆರಿಸಿತು. ಗ್ರಿಮ್ಸ್‌ಬರೋ ಅನ್ನೋ ಕಾಲ್ಪನಿಕ ಊರು, ಮೊದಲ ಕೇಸ್ ರೋಸಾ ವುಲ್ಫ್ ಅನ್ನೋ ಹುಡುಗಿಯ ಕೊಲೆ. ಆಟದ ಲೆಕ್ಕ ನಿಮಗೇ ಗೊತ್ತು: ಒಂದು ಜಾಗ ತೆರೆದ್ರೆ 20 ಎನರ್ಜಿ ಹೋಗುತ್ತೆ. ಚೆನ್ನಾಗಿ ಆಡಿದ್ರೆ ನಕ್ಷತ್ರ. ನಕ್ಷತ್ರ ಖರ್ಚು ಮಾಡಿದ್ರೆ ಮಾತ್ರ ಸಾಕ್ಷಿಯ ಜೊತೆ ಮಾತು, ಹರಿದ ಕಾಗದ ಜೋಡಿಸೋದು, ಬೆರಳಚ್ಚು ನೋಡೋದು. ನಕ್ಷತ್ರ ಸಾಲದಿದ್ರೆ ಅದೇ ಜಾಗಕ್ಕೆ ಮತ್ತೆ ಹೋಗಿ, ಅದೇ ಶೂ, ಅದೇ ಬೀಗದಕೈ ಹುಡುಕಬೇಕು. ಆಮೇಲೆ ಶವಪರೀಕ್ಷೆಗೆ 18 ಗಂಟೆ ಕಾಯಿರಿ ಅನ್ನುತ್ತೆ. ನಿಜವಾದ 18 ಗಂಟೆ! ಕಾಯೋಕಾಗಲ್ಲ ಅಂದ್ರೆ ದುಡ್ಡು.

ಇಲ್ಲಿ ಕೊಲೆಗಾರನನ್ನು ಪತ್ತೆ ಹಚ್ಚೋದು ಹೇಗೆ ಅಂತ ಗಮನಿಸಿದ್ದೀರಾ? ಲ್ಯಾಬ್‌ನಿಂದ ಒಂದೊಂದೇ ಗುರುತು ಬರುತ್ತೆ. ಕೊಲೆಗಾರ ಸಿಗರೇಟು ಸೇದ್ತಾನೆ, ರಕ್ತದ ಗುಂಪು ಇಂಥದ್ದು, ಕಣ್ಣಿನ ಬಣ್ಣ ಇಂಥದ್ದು, ಹೀಗೆ. ಶಂಕಿತರ ಪಟ್ಟಿ ಪಕ್ಕದಲ್ಲೇ ಇರುತ್ತೆ. ಎಲ್ಲ ಗುರುತೂ ಬಂದ ಮೇಲೆ ಹೊಂದೋದು ಒಬ್ಬನಿಗೆ ಮಾತ್ರ. ಕೊನೆಯಲ್ಲಿ "ಈಗ ಬಂಧಿಸಿ" ಅಂತ ಐದು ಮುಖ ತೋರಿಸಿದಾಗ ಉತ್ತರ ಆಗಲೇ ಕಣ್ಣ ಮುಂದೆ ಇರುತ್ತೆ. ಯಾಕೆ ಕೊಂದ ಅನ್ನೋದು ಬಂಧಿಸಿದ ಮೇಲೆ ಅವನೇ ಹೇಳ್ತಾನೆ. ನಾವು ಊಹಿಸಬೇಕಾಗಿಲ್ಲ. ಹಾಗಂತ ಆಟ ಕೆಟ್ಟದ್ದು ಅಂತಲ್ಲ. ಅದರ ಚಿತ್ರಗಳು ಚೆನ್ನಾಗಿವೆ, ಕೇಸ್‌ಗಳು ಬೇಗ ಬೇಗ ತಿರುವು ತಗೋತಾವೆ. ಆದ್ರೆ ಆಟ ನಿಮ್ಮಿಂದ ಕೇಳೋದು ತಾಳ್ಮೆ ಮತ್ತು ಕಣ್ಣು, ಬುದ್ಧಿ ಅಲ್ಲ.

ಈಗ ಸಿಎಸ್‌ಐಗೆ ಬರ್ತೀನಿ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಒಂದೇ ಸೀರಿಯಲ್, ಒಂದೇ ಪ್ರಕಾಶಕ ಕಂಪನಿ ಯೂಬಿಸಾಫ್ಟ್, ಆದ್ರೆ ಆಟಗಳು ಪೂರ್ತಿ ಬೇರೆ ಬೇರೆ. ಹೋಲಿಸಿ ನೋಡೋಕೆ ಇದಕ್ಕಿಂತ ಒಳ್ಳೇ ಉದಾಹರಣೆ ಸಿಗೋದಿಲ್ಲ.

ಸೀರಿಯಲ್ 2000ರಿಂದ 2015ರವರೆಗೆ ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ ಬಂತು. ಲಾಸ್ ವೇಗಸ್‌ನ ಕ್ರೈಂ ಲ್ಯಾಬ್, ಅಲ್ಲಿನ ತಂಡದ ಮುಖ್ಯಸ್ಥ ಗಿಲ್ ಗ್ರಿಸಮ್, ಕತ್ತಲ ಕೋಣೆ, ಟಾರ್ಚು. ಅದರ ಕಂಪ್ಯೂಟರ್ ಆಟಗಳು 2003ರಿಂದಲೇ ಬರೋಕೆ ಶುರುವಾದವು. 2006ರಲ್ಲಿ ಬಂದ '3 ಡೈಮೆನ್ಷನ್ಸ್ ಆಫ್ ಮರ್ಡರ್'ನಿಂದ ಮುಂದೆ ಅವನ್ನು ಮಾಡಿದ್ದು ಟೆಲ್‌ಟೇಲ್ ಅನ್ನೋ ಕ್ಯಾಲಿಫೋರ್ನಿಯಾದ ಕಂಪನಿ. 2007ರಲ್ಲಿ 'ಹಾರ್ಡ್ ಎವಿಡೆನ್ಸ್', 2009ರಲ್ಲಿ 'ಡೆಡ್ಲಿ ಇಂಟೆಂಟ್', 2010ರಲ್ಲಿ 'ಫೇಟಲ್ ಕಾನ್ಸ್‌ಪಿರಸಿ'. ಕಟ್ಟುನಿಟ್ಟಾಗಿ ಹೇಳಿದ್ರೆ ಇವು ಪಟ್ಟಿ ನೋಡಿ ಹುಡುಕೋ ಆಟಗಳಲ್ಲ. ಪಟ್ಟಿಯೇ ಇಲ್ಲ! ಆದ್ರೆ ಕೆಲಸ ಅದೇ: ಕೋಣೆಯಲ್ಲಿ ಸುತ್ತಾಡಿ, ಕಣ್ಣಿಟ್ಟು ಹುಡುಕೋದು.

ಇದರಲ್ಲಿ ನೀವು ಹೊಸದಾಗಿ ಕೆಲಸಕ್ಕೆ ಸೇರಿದ ತನಿಖಾಧಿಕಾರಿ. ಪ್ರತಿ ಕೇಸಿಗೂ ಸೀರಿಯಲ್‌ನ ಒಂದು ಪಾತ್ರ ಜೊತೆಗೆ ಬರುತ್ತೆ. ಒಂದು ಜಾಗ ತಗೊಳ್ಳಿ. ಗೋಡೆ ನೋಡಿದ್ರೆ ಏನೂ ಇಲ್ಲ, ತೊಳೆದಿಟ್ಟ ಹಾಗಿದೆ. ನಿಮ್ಮ ಕಿಟ್‌ನಲ್ಲಿ ಎರಡು ತರದ ಸಾಮಾನಿವೆ. ಕೆಲವು ಕಾಣದ್ದನ್ನು ಕಾಣಿಸೋಕೆ, ಕೆಲವು ಕಂಡದ್ದನ್ನು ಎತ್ಕೊಳ್ಳೋಕೆ. ಲುಮಿನಾಲ್ ಸಿಂಪಡಿಸಿದ್ರೆ ನೀಲಿಯಾಗಿ ಹೊಳೆಯುತ್ತೆ, ಅಂದ್ರೆ ಅಲ್ಲಿ ರಕ್ತ ಇತ್ತು, ಯಾರೋ ಒರೆಸಿದ್ದಾರೆ. ಈಗ ಅದನ್ನು ಹತ್ತಿಯ ಕಡ್ಡಿಯಿಂದ ಒತ್ತಿ ತೆಗೆಯಬೇಕು. ಅಲ್ಲಿಗೆ ಚಿಮುಟ ತಗೊಂಡು ಹೋದ್ರೆ ಕೆಲಸ ಆಗೋಲ್ಲ. ಬೆರಳಚ್ಚಿಗೆ ಪುಡಿ ಬೇರೆ, ಕೂದಲಿಗೆ ಚಿಮುಟ ಬೇರೆ, ಮಣ್ಣಲ್ಲಿ ಒತ್ತಿದ ಹೆಜ್ಜೆಗೆ ಅಚ್ಚು ಬೇರೆ. ಲ್ಯಾಬಿಗೆ ಬಂದ ಮೇಲೆ ಎರಡು ಬೆರಳಚ್ಚನ್ನು ಅಕ್ಕಪಕ್ಕ ಇಟ್ಟು ನೀವೇ ಹೋಲಿಸಬೇಕು. ಆಮೇಲೆ ಪೊಲೀಸ್ ಅಧಿಕಾರಿ ಕ್ಯಾಪ್ಟನ್ ಬ್ರಾಸ್ ಹತ್ತಿರ ಹೋಗಿ ವಾರಂಟ್ ಕೇಳಬೇಕು. ಸಾಕ್ಷ್ಯ ಸಾಲದೇ ಇದ್ರೆ ಅವರು ಕೊಡೋದಿಲ್ಲ, ವಾಪಸ್ ಕಳಿಸ್ತಾರೆ. ಇಲ್ಲಿ ಸಿಕ್ಕ ವಸ್ತುವಿಗೆ ಬೆಲೆ ಇದೆ ಮೇಡಂ. ಅದಿಲ್ಲದೆ ಮುಂದಿನ ಬಾಗಿಲು ತೆಗೆಯೋಲ್ಲ. ಶಂಕಿತನನ್ನು ಸತ್ತವರಿಗೆ, ಜಾಗಕ್ಕೆ, ಕೊಲೆಯ ಸಾಕ್ಷ್ಯಕ್ಕೆ ಮೂರೂ ಕಡೆಯಿಂದ ಕಟ್ಟಿಹಾಕಬೇಕು. ಸೀರಿಯಲ್‌ನಲ್ಲಿ ಗ್ರಿಸಮ್ ಮಾಡೋದೂ ಇದನ್ನೇ.

ಕೇಸ್ ಮುಗಿದ ಮೇಲೆ ಆಟ ನಿಮಗೆ ಅಂಕ ಕೊಡುತ್ತೆ. ಸಾಕ್ಷ್ಯ ಬಿಟ್ಟು ಬಂದಿದ್ರೆ, ಸುಳಿವು ಜಾಸ್ತಿ ಕೇಳಿದ್ರೆ ಕಡಿಮೆ ಅಂಕ. ಕೊಲೆಗಾರ ಸಿಕ್ಕಿದ್ರೂ ನಿಮ್ಮ ಕೆಲಸ ಅರೆಬರೆ ಅಂತ ಹೇಳುತ್ತೆ. ಇನ್ನೊಂದು ಮಜಾ ಅಂದ್ರೆ, 2006ರ ಆಟದ ಒಂದು ಕೇಸ್ ವಿಡಿಯೊ ಗೇಮ್ ಕಂಪನಿಯೊಂದರಲ್ಲೇ ನಡೆದ ಕೊಲೆ. ಮಾಡಿದವರಿಗೆ ತಮ್ಮ ಆಫೀಸಿನ ಮೇಲೇ ಸ್ವಲ್ಪ ಸಿಟ್ಟಿತ್ತೋ ಏನೋ.

ಕೊರತೆಯೂ ಇದೆ. ಮುಖಗಳು ಮೇಣದ ಬೊಂಬೆ ತರ. ಮಾತಾಡುವಾಗ ತುಟಿ ಒಂದು ಕಡೆ, ಧ್ವನಿ ಒಂದು ಕಡೆ. ಇಂದಿನ ಆಟ ನೋಡಿದ ಕಣ್ಣಿಗೆ ತುಂಬಾ ಹಳೇದು ಅನ್ನಿಸುತ್ತೆ. ಮೌಸ್ ಇಟ್ಟ ಕಡೆ ಬಾಣದ ಬಣ್ಣ ಬದಲಾಗೋದರಿಂದ, ಸುಮ್ನೆ ಪರದೆ ಪೂರ್ತಿ ಮೌಸ್ ಓಡಿಸಿ ಸಾಕ್ಷ್ಯ ಹುಡುಕೋ ಕಳ್ಳದಾರಿಯೂ ಇದೆ. ಮನಸ್ಸು ಗಟ್ಟಿ ಮಾಡ್ಕೊಂಡು ಅದನ್ನು ಮಾಡದೇ ಇದ್ರೆ ಆಟ ರುಚಿ.

ಇದೇ ಸೀರಿಯಲ್ ಹೆಸರಲ್ಲಿ 2014ರಲ್ಲಿ ಫೋನಿಗೆ ಬಂದಿದ್ದು 'ಸಿಎಸ್‌ಐ: ಹಿಡನ್ ಕ್ರೈಮ್ಸ್'. ಇದು ಪಟ್ಟಿ ನೋಡಿ ಹುಡುಕೋ ಆಟ, ಕ್ರಿಮಿನಲ್ ಕೇಸ್‌ನ ಅಚ್ಚಿನಲ್ಲೇ ಎರಕ ಹೊಯ್ದದ್ದು. ಲಾಸ್ ವೇಗಸ್ ಅದೇ, ಪಾತ್ರಗಳು ಆ ಹೊತ್ತಿನ ಸೀರಿಯಲ್‌ನವೇ, ಚಿತ್ರಗಳಂತೂ ಟೆಲ್‌ಟೇಲ್ ಆಟಗಳಿಗಿಂತ ಎಷ್ಟೋ ಚಂದ. ಲ್ಯಾಬಿನಲ್ಲಿ ಚಿಕ್ಕ ಚಿಕ್ಕ ಒಗಟುಗಳೂ ಇವೆ. ಆದ್ರೆ ಲ್ಯಾಬಿನ ಒಗಟು ಹೇಗೆ ಬಿಡಿಸಿದ್ರೂ ಕೇಸ್ ಹೋಗೋ ದಾರಿ ಒಂದೇ. ಕೋಣೆಯಲ್ಲಿ ನೀವು ಹುಡುಕೋ ಹತ್ತು ವಸ್ತುವಿನಲ್ಲಿ ಹೆಚ್ಚಿನವಕ್ಕೂ ಕೊಲೆಗೂ ಸಂಬಂಧವೇ ಇಲ್ಲ. ಹೆಣ ಬಿದ್ದಿರೋ ಕೋಣೆಯಲ್ಲಿ ಬಾಳೆಹಣ್ಣು, ಹ್ಯಾಟು, ಕಪ್ಪೆ ಬೊಂಬೆ ಹುಡುಕ್ತಾ ಕೂರ್ತೀವಿ. ಎರಡನೇ ಸಲ ಅದೇ ಕೋಣೆಗೆ ಹೋದ್ರೆ ಪಟ್ಟಿ ಸ್ವಲ್ಪ ಬದಲಾಗುತ್ತೆ, ವಸ್ತುಗಳ ಜಾಗ ಬದಲಾಗೋಲ್ಲ. ಮೂರನೇ ಸಲಕ್ಕೆ ಬೆರಳು ತಾನಾಗೇ ಹೋಗುತ್ತೆ. ಅಂದ್ರೆ ಆಟ ಗೆಲ್ಲೋದು ನೆನಪಿನಿಂದ. ಬೇಗ ಬೇಗ ಸಾಲಾಗಿ ಹುಡುಕಿದ್ರೆ ಅಂಕ ಏರೋದರಿಂದ ಆಟವೇ ನಿಮ್ಮನ್ನು ಯೋಚನೆ ಮಾಡಬೇಡಿ, ಓಡಿ ಅನ್ನುತ್ತೆ. ಗ್ರಿಸಮ್ ಹೇಳ್ತಿದ್ದದ್ದು ಇದಕ್ಕೆ ಪೂರ್ತಿ ಉಲ್ಟಾ ಅಲ್ವಾ!

ಈ ಎರಡರ ಮಧ್ಯೆ ಒಂದಿದೆ: 2008ರ 'ಸಿಎಸ್‌ಐ: ಎನ್‌ವೈ'. ನ್ಯೂಯಾರ್ಕ್ ಸರಣಿಯ ಮ್ಯಾಕ್ ಟೇಲರ್, ಸ್ಟೆಲಾ ಬೊನಾಸೆರಾ ಇಬ್ಬರೂ ಇದ್ದಾರೆ. ಮಾಡಿದ್ದು ಲಾಸ್ ಏಂಜಲಿಸ್‌ನ ಲೆಗಸಿ ಇಂಟರಾಕ್ಟಿವ್. ಚಿತ್ರಗಳು ಕಾಮಿಕ್ ಪುಸ್ತಕದ ಶೈಲಿಯಲ್ಲಿವೆ. ಇದರಿಂದ ಮೇಣದ ಬೊಂಬೆ ಕಾಟ ತಪ್ಪಿತು. ವಸ್ತು ಹುಡುಕೋದೂ ಇದೆ, ವಿಚಾರಣೆಯೂ ಇದೆ, ಎನರ್ಜಿ ಇಲ್ಲ. ಒಂದೇ ಸಲ ದುಡ್ಡು ಕೊಟ್ಟು ಕೊಳ್ಳೋ ಆಟ. ಗಟ್ಟಿ ಸಿಎಸ್‌ಐ ಅಭಿಮಾನಿಗಳು ಇದನ್ನು ತೀರಾ ಸುಲಭ ಅಂತ ಬೈದರು. ನಿಮಗೆ ಹೊಂದುತ್ತೆ ಅನ್ನಿಸುತ್ತೆ ನನಗೆ.

ಲೆಗಸಿ ಇಂಟರಾಕ್ಟಿವ್ ಹೆಸರು ನೆನಪಿಟ್ಟುಕೊಳ್ಳಿ. ಟೀವಿ ಹೆಸರಿನ ಪತ್ತೇದಾರಿ ಆಟ ಅಂದ್ರೆ ಒಂದು ಕಾಲದಲ್ಲಿ ಇವರದೇ ಅಂಗಡಿ. 2002ರಲ್ಲಿ 'ಲಾ ಅಂಡ್ ಆರ್ಡರ್: ಡೆಡ್ ಆನ್ ದ ಮನಿ' ಅಂತ ಒಂದು ಆಟ ತಂದರು. ವಸ್ತು ಹುಡುಕೋ ಆಟ ಅನ್ನೋ ಹೆಸರು ಚಾಲ್ತಿಗೆ ಬರೋಕೆ ಮೊದಲೇ ಬಂದದ್ದು. ಸೀರಿಯಲ್ ತರಾನೇ ಎರಡು ಭಾಗ. ಮೊದಲು ಪೊಲೀಸರಾಗಿ ಸಾಕ್ಷ್ಯ ಹುಡುಕೋದು, ಆಮೇಲೆ ಸರ್ಕಾರಿ ವಕೀಲರಾಗಿ ಅದೇ ಸಾಕ್ಷ್ಯ ಹಿಡಿದು ಕೋರ್ಟಿನಲ್ಲಿ ವಾದ ಮಾಡೋದು. ಪೊಲೀಸ್ ಪತ್ತೇದಾರ ಲೆನ್ನಿ ಬ್ರಿಸ್ಕೊ ಪಾತ್ರಕ್ಕೆ ಸೀರಿಯಲ್‌ನ ಜೆರಿ ಆರ್ಬಾಕ್ ಅವರದೇ ಧ್ವನಿ. ಇಲ್ಲಿ ನನ್ನ ಪ್ರಶ್ನೆಗೆ ಚೆನ್ನಾದ ಉತ್ತರ ಸಿಗುತ್ತೆ: ತಪ್ಪು ಮಾಡೋಕೆ ಧಾರಾಳ ಅವಕಾಶ ಇದೆ. ಜಡ್ಜ್ ಮುಂದೆ ಸರಿಯಾದ ಕಾಗದ ಇಡದೇ ಇದ್ರೆ ವಾರಂಟ್ ಸಿಗೋಲ್ಲ. ಕೊಲೆಗಾರ ಯಾರು ಅಂತ ನಿಮಗೆ ಗೊತ್ತಿದ್ರೂ ಕೋರ್ಟಿನಲ್ಲಿ ಸೋಲಬಹುದು. ಇಂಥ ಆಟ ಮತ್ತೆ ಯಾರೂ ಸರಿಯಾಗಿ ಮಾಡಲೇ ಇಲ್ಲ ಅನ್ನೋದು ನನ್ನ ಕೊರಗು.

ಅದೇ ಲೆಗಸಿಯವರು 2009ರಲ್ಲಿ ತಂದಿದ್ದು 'ಮರ್ಡರ್, ಶೀ ರೋಟ್'. ಸೀರಿಯಲ್ ನೀವು ನೋಡಿಲ್ಲದೇ ಇದ್ರೆ ಎರಡು ಮಾತು: 1984ರಿಂದ 1996ರವರೆಗೆ ಬಂತು, ಏಂಜೆಲಾ ಲ್ಯಾನ್ಸ್‌ಬರಿ ಮುಖ್ಯ ಪಾತ್ರ. ಜೆಸಿಕಾ ಫ್ಲೆಚರ್ ಅನ್ನೋ ನಿವೃತ್ತ ಇಂಗ್ಲಿಷ್ ಮೇಡಂ, ಪತ್ತೇದಾರಿ ಕಾದಂಬರಿ ಬರೆಯೋಕೆ ಶುರು ಮಾಡ್ತಾರೆ, ಹೋದಲ್ಲೆಲ್ಲ ಒಂದು ಕೊಲೆ ಆಗುತ್ತೆ. ಅವರ ಊರು ಮೇನ್ ರಾಜ್ಯದ ಕ್ಯಾಬಟ್ ಕೋವ್. ಅಷ್ಟು ಚಿಕ್ಕ ಊರಲ್ಲಿ ಅಷ್ಟೊಂದು ಕೊಲೆ ಹೇಗೆ ಅಂತ ಕೇಳಬೇಡಿ.

ಇದ್ಯಾಕೆ ನಿಮಗೆ ಹೇಳ್ತಿದ್ದೀನಿ ಅಂದ್ರೆ, ವಸ್ತು ಹುಡುಕೋ ಆಟಕ್ಕೂ ಸೀರಿಯಲ್‌ಗೂ ಜೋಡಿ ಸರಿಯಾಗಿ ಕೂತಿರೋದು ಇದೊಂದರಲ್ಲೇ. ಜೆಸಿಕಾ ಹತ್ತಿರ ಲ್ಯಾಬ್ ಇಲ್ಲ, ಬಂದೂಕಿಲ್ಲ, ಅಧಿಕಾರ ಇಲ್ಲ. ಅವರ ಬಂಡವಾಳ ಒಂದೇ, ಗಮನಿಸೋದು. ಬೇರೆಯವರು ನೋಡಿಯೂ ಬಿಟ್ಟದ್ದು ಅವರ ಕಣ್ಣಿಗೆ ಬೀಳುತ್ತೆ. ಎಪಿಸೋಡ್ ಮುಗಿಯೋ ಹೊತ್ತಿಗೆ ಒಂದು ಚಿಲ್ಲರೆ ವಿಷಯ ನೆನಪಾಗಿ ಮುಖ ಅರಳುತ್ತೆ. ಹುಡುಕೋ ಆಟ ಅಂದ್ರೆ ಅದೇ ತಾನೇ? ಆಟದಲ್ಲಿ ಐದು ಕೇಸ್. ಒಂದೊಂದೂ ತಾನಾಗಿ ಮುಗಿಯುತ್ತೆ. ಗಡಿಬಿಡಿ ಇಲ್ಲ, ಕಾಯೋದಿಲ್ಲ, ಪಕ್ಕದಲ್ಲಿ ಟೀ ಇಟ್ಕೊಂಡು ಆಡಬಹುದು. 2012ರಲ್ಲಿ ಎರಡನೇ ಭಾಗ ಬಂತು, 'ರಿಟರ್ನ್ ಟು ಕ್ಯಾಬಟ್ ಕೋವ್' ಅಂತ. ತೊಂದರೆ ಇಲ್ಲ ಅಂತಲ್ಲ. ಇಲ್ಲಿಯೂ ತನಿಖೆ ಅನ್ನೋದು ತೆಳು, ಕಷ್ಟದ ಒಗಟು ಬೇಕು ಅನ್ನೋರಿಗೆ ಒಂದೆರಡು ಸಂಜೆಯಲ್ಲಿ ಮುಗಿದುಹೋಗುತ್ತೆ. ಆದ್ರೆ ಆಟ ತನ್ನನ್ನು ತಾನು ಏನಂತ ಹೇಳ್ಕೊಳ್ಳುತ್ತೋ ಅದೇ ಆಗಿದೆ. ಹೆಚ್ಚಿನ ಸೀರಿಯಲ್ ಆಟಗಳಿಗೆ ಈ ಮಾತು ಹೇಳೋಕಾಗಲ್ಲ.

ಎನ್‌ಸಿಐಎಸ್ ವಿಷಯ ಚಿಕ್ಕದಾಗಿ ಮುಗಿಸ್ತೀನಿ. ಎಫ್‌ಟಿಎಕ್ಸ್ ಗೇಮ್ಸ್ ತಂದ 'ಎನ್‌ಸಿಐಎಸ್: ಹಿಡನ್ ಕ್ರೈಮ್ಸ್' ಫೋನಿನ ಆಟ, ಪುಕ್ಕಟೆ, ಎನರ್ಜಿ ಪದ್ಧತಿ. ನೌಕಾಪಡೆಗೆ ಸಂಬಂಧಪಟ್ಟ ಕೇಸ್‌ಗಳು ಅನ್ನೋದು ಬಿಟ್ರೆ ಸಿಎಸ್‌ಐ ಫೋನ್ ಆಟಕ್ಕೂ ಇದಕ್ಕೂ ವ್ಯತ್ಯಾಸ ಹುಡುಕೋಕೇ ಒಂದು ತನಿಖೆ ಬೇಕು. ಆ ಸೀರಿಯಲ್ ಜನ ನೋಡೋದು ಕೇಸ್‌ಗಾಗಿ ಅಲ್ಲ, ಆ ತಂಡದ ಜಗಳ, ತಮಾಷೆ, ಮುಖ್ಯಸ್ಥ ಗಿಬ್ಸ್ ಹಿಂದಿನಿಂದ ಬಂದು ತಲೆಗೆ ಒಂದು ಏಟು ಕೊಡೋದಕ್ಕಾಗಿ. ಆ ಮಾತುಗಳೆಲ್ಲ ಇಲ್ಲಿ ಕೆಳಗಿನ ಡಬ್ಬಿಯಲ್ಲಿ ಎರಡು ಸಾಲಾಗಿ ಬರುತ್ತೆ, ನಾವು ಓದದೇ ಮುಂದೆ ಒತ್ತುತ್ತೇವೆ.

ಕ್ರಿಮಿನಲ್ ಮೈಂಡ್ಸ್‌ಗೆ ಎರಡು ಆಟ ಬಂದಿವೆ. 2012ರಲ್ಲಿ ಕಂಪ್ಯೂಟರಿಗೆ ಲೆಗಸಿಯವರದು, 2018ರಲ್ಲಿ ಫೋನಿಗೆ ಎಫ್‌ಟಿಎಕ್ಸ್‌ನವರದು. ಇಲ್ಲಿ ಸಮಸ್ಯೆ ಮಾಡಿದವರದ್ದಲ್ಲ, ಆಯ್ಕೆಯದ್ದು. ಆ ಸೀರಿಯಲ್‌ನಲ್ಲಿ ಎಫ್‌ಬಿಐನ ವರ್ತನೆ ವಿಶ್ಲೇಷಣೆ ಮಾಡೋ ತಂಡ ಏನು ಮಾಡುತ್ತೆ? ಹಂತಕನ ಮನಸ್ಸು ಓದುತ್ತೆ. ಹೀಗೆ ಕೊಂದವನು ಹೀಗೆ ಬೆಳೆದಿರಬೇಕು, ಇಂಥ ಕೆಲಸ ಮಾಡ್ತಿರಬೇಕು, ಮುಂದೆ ಇಲ್ಲಿಗೆ ಬರ್ತಾನೆ ಅಂತ. ಸಾಕ್ಷ್ಯ ನೆಲದ ಮೇಲೆ ಬಿದ್ದಿರೋಲ್ಲ, ಮಾತಿನಲ್ಲಿ, ಕ್ರಮದಲ್ಲಿ, ಬಿಟ್ಟುಹೋದ ಅಭ್ಯಾಸದಲ್ಲಿ ಇರುತ್ತೆ. ಅದನ್ನು ಚಿತ್ರದಲ್ಲಿ ಅಡಗಿಸೋದು ಹೇಗೆ? ಆಗೋಲ್ಲ. ಹಾಗಾಗಿ ಆಟದಲ್ಲಿ ನೀವು ಕತ್ತರಿ, ಹಗ್ಗ ಹುಡುಕ್ತೀರಿ, ಮನಸ್ಸು ಓದೋ ಕೆಲಸ ಪಾತ್ರಗಳೇ ಮಾಡಿ ನಿಮಗೆ ವರದಿ ಒಪ್ಪಿಸ್ತವೆ. ಸೀರಿಯಲ್ ನೋಡಿದ್ದೀನಿ ಅಂದ್ರಿ, ಆದ್ರೂ ಇದನ್ನು ಕೊನೆಗೆ ಇಡ್ತೀನಿ.

'ಡೆಕ್ಸ್‌ಟರ್: ಹಿಡನ್ ಡಾರ್ಕ್‌ನೆಸ್' ಅಂತ ಇನ್ನೊಂದು ಕಣ್ಣಿಗೆ ಬೀಳಬಹುದು. ಆ ಸೀರಿಯಲ್‌ನ ನಾಯಕ ಮಯಾಮಿ ಪೊಲೀಸ್ ಲ್ಯಾಬಿನಲ್ಲಿ ರಕ್ತದ ಕಲೆ ನೋಡಿ ಹೇಳೋ ತಜ್ಞ, ರಾತ್ರಿಯಾದ್ರೆ ತಾನೇ ಸರಣಿ ಹಂತಕ. ಆಟದಲ್ಲೂ ಅದೇ. ವಿಚಾರ ಹೊಸದು, ಆದ್ರೆ ಮನೆಯಲ್ಲಿ ಮೊಮ್ಮಕ್ಕಳು ಫೋನ್ ಮುಟ್ಟೋದಿದ್ರೆ ಹಾಕ್ಕೋಬೇಡಿ. 2013ರ 'ಕ್ಯಾಸಲ್: ನೆವರ್ ಜಡ್ಜ್ ಎ ಬುಕ್ ಬೈ ಇಟ್ಸ್ ಕವರ್' ಇದಕ್ಕೆ ತದ್ವಿರುದ್ಧ: ಹಗುರ, ತಮಾಷೆ. ಕಾದಂಬರಿಕಾರ ಕ್ಯಾಸಲ್ ಮತ್ತು ಪೊಲೀಸ್ ಬೆಕೆಟ್ ಜೋಡಿಯ ಸೀರಿಯಲ್ ನೋಡಿದವರಿಗೆ ಒಂದು ಭಾನುವಾರಕ್ಕೆ ಸಾಕು.

ನಮ್ಮ 'ಸಿಐಡಿ' ಯಾಕಿಲ್ಲ ಅಂತ ನೀವು ಕೇಳೇ ಕೇಳ್ತೀರಿ. 1998ರಿಂದ 20 ವರ್ಷ ಓಡಿ, 2024ರ ಕೊನೆಗೆ ಮತ್ತೆ ಬಂದ ಸೀರಿಯಲ್. ಅದರ ಹೆಸರಲ್ಲಿ ಫೋನ್ ಆಟ ಬಂದದ್ದುಂಟು, ಆದ್ರೆ ಅದು ಓಡೋ ಆಟ. ಬಾಗಿಲು ಒಡೆಯೋದಕ್ಕೆ ನಮ್ಮ ಕರಾವಳಿ ಮೂಲದ ದಯಾನಂದ ಶೆಟ್ಟಿಯವರು ಇದ್ದೇ ಇದ್ದಾರೆ, ಆದ್ರೆ ಒಡೆದ ಬಾಗಿಲಿನ ಆಚೆ ಡಾ. ಸಾಳುಂಕೆ ಏನೇನು ಹುಡುಕ್ತಾರೆ ಅನ್ನೋದೇ ಒಳ್ಳೇ ಆಟ ಆಗ್ತಿತ್ತು. ಮಹಜರು ಬರೆಯೋದು, ಇಬ್ಬರು ಪಂಚರನ್ನು ಕರೆತಂದು ಸಹಿ ಹಾಕಿಸೋದು, ಮಾಲಿಗೆ ಸೀಲ್ ಹಾಕಿ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸೋದು, ಸೀಲ್ ಸರಿಯಿಲ್ಲ ಅಂತ ಕೋರ್ಟಿನಲ್ಲಿ ಸಾಕ್ಷ್ಯ ಬಿದ್ದುಹೋಗೋದು, ಇದೆಲ್ಲ ಇರೋ ಒಂದು ಕನ್ನಡದ ಆಟ ಯೋಚಿಸಿ ನೋಡಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅನ್ನೋ ಕಾನೂನಿನ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರೋ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಜಾಗಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು, ಇದನ್ನು ಜಾರಿಗೆ ತರೋಕೆ ರಾಜ್ಯಗಳಿಗೆ ಐದು ವರ್ಷದ ಗಡುವಿದೆ. ಆಟ ಮಾಡೋರಿಗೆ ಕಥೆ ಕಾಲಬುಡದಲ್ಲೇ ಬಿದ್ದಿದೆ.

ಇರಲಿ, ನಿಮ್ಮ ದುಡ್ಡಿನ ಪ್ರಶ್ನೆ. ಎನರ್ಜಿ ಇರೋ ಆಟಕ್ಕೆ ಒಂದು ರೂಪಾಯಿಯೂ ಹಾಕಬೇಡಿ. ನೀವು ಕೊಂಡದ್ದು ಆಟವಲ್ಲ, ಸಮಯ. ಮರುದಿನ ಅದೇ ಬಾಗಿಲ ಮುಂದೆ ಮತ್ತೆ ನಿಂತಿರ್ತೀರಿ. ಇನ್ನೊಂದು ಕಾರಣವೂ ಇದೆ. ಇವು ಕಂಪನಿಯ ಸರ್ವರ್ ಮೇಲೆ ನಡೆಯೋ ಆಟಗಳು. ಸೀರಿಯಲ್‌ನ ಲೈಸೆನ್ಸ್ ಅವಧಿ ಮುಗಿದ್ರೆ, ಆಡೋರು ಕಮ್ಮಿಯಾದ್ರೆ ಮುಚ್ಚಿಬಿಡ್ತಾರೆ. ಫೇಸ್‌ಬುಕ್‌ನಲ್ಲಿ 2010ರಲ್ಲಿ ಬಂದಿದ್ದ 'ಸಿಎಸ್‌ಐ: ಕ್ರೈಂ ಸಿಟಿ' ಇವತ್ತಿಲ್ಲ. ಆಗ ದುಡ್ಡು ಹಾಕಿದವರಿಗೆ ಉಳಿದದ್ದೂ ಏನಿಲ್ಲ. ಫೋನಿನಲ್ಲಿ ಆಡೋದೇ ಆದ್ರೆ ಪ್ಲೇ ಸ್ಟೋರ್ ಸೆಟ್ಟಿಂಗ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳೋ ಹಾಗೆ ಮಾಡಿಟ್ಟುಕೊಳ್ಳಿ. ಅಕಸ್ಮಾತ್ ಒತ್ತಿಬಿಟ್ರೆ 48 ಗಂಟೆಯೊಳಗೆ ವಾಪಸ್ ಕೇಳಿ. ಮತ್ತೆ, ಆಟದ ಹೆಸರು ಪಕ್ಕದಲ್ಲಿ ಕಂಪನಿ ಹೆಸರು ನೋಡದೇ ಇಳಿಸಬೇಡಿ. ಸೀರಿಯಲ್ ಹೆಸರಿಗೆ ಹತ್ತಿರದ ಹೆಸರಿಟ್ಟು ಬರಿ ಜಾಹೀರಾತು ತೋರಿಸೋ ನಕಲಿಗಳು ಬೇಕಾದಷ್ಟಿವೆ.

ಲ್ಯಾಪ್‌ಟಾಪ್ ಹಳೇದು ಅಂದ್ರಿ, ಈ ಆಟಗಳಿಗೆ ಅದು ಅನುಕೂಲವೇ. 2009ರ ಆಟಕ್ಕೆ ಭಾರೀ ಯಂತ್ರ ಬೇಡ. ವಿಂಡೋಸ್ ಇದ್ರೆ ಹೆಚ್ಚಿನವು ಓಡುತ್ತವೆ. ಓಡದಿದ್ರೆ ಐಕಾನ್ ಮೇಲೆ ಬಲಗಡೆ ಬಟನ್ ಒತ್ತಿ, ಪ್ರಾಪರ್ಟೀಸ್‌ಗೆ ಹೋಗಿ, ಹಳೇ ವಿಂಡೋಸ್‌ಗೆ ಹೊಂದಿಸೋ ಆಯ್ಕೆ ಹಾಕಿ ನೋಡಿ. ಆಪಲ್ ಲ್ಯಾಪ್‌ಟಾಪ್ ಆಗಿದ್ರೆ ಹುಷಾರು: 2019ರ ಕ್ಯಾಟಲಿನಾ ಆವೃತ್ತಿಯಿಂದ 32 ಬಿಟ್ ಪ್ರೋಗ್ರಾಂಗಳು ಓಡೋದು ನಿಂತಿದೆ, ಹಳೇ ಆಟಗಳಲ್ಲಿ ಹೆಚ್ಚಿನವು ಅದೇ ಜಾತಿ. ಸಿಎಸ್‌ಐ ಡಿವಿಡಿ ಸೆಕೆಂಡ್ ಹ್ಯಾಂಡ್ ಸಿಕ್ಕಿದ್ರೆ ಕೊಳ್ಳೋ ಮೊದಲು ಯೋಚಿಸಿ. ಆ ಕಾಲದ ಕೆಲವು ಡಿಸ್ಕ್‌ಗಳಲ್ಲಿದ್ದ ನಕಲು ತಡೆ ಬೀಗವನ್ನು ವಿಂಡೋಸ್ 10 ಒಪ್ಪೋದಿಲ್ಲ, ಡಿಸ್ಕ್ ಚೆನ್ನಾಗಿದ್ರೂ ಆಟ ತೆರೆಯೋಲ್ಲ. ಡೌನ್‌ಲೋಡ್ ರೂಪದಲ್ಲಿ ಸಿಕ್ಕಿದ್ರೆ ಅದೇ ವಾಸಿ. ಕಂಪ್ಯೂಟರ್ ಆಟ ಮಾರೋ ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಆಟ ಓಡದೇ ಇದ್ರೆ, 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ರೆ, ದುಡ್ಡು ವಾಪಸ್ ಕೊಡ್ತಾರೆ.

ಒಂದು ಸಣ್ಣ ವಿಷಯ, ಆದ್ರೆ ನಿಮ್ಮ ಕಣ್ಣಿಗೆ ಸಂಬಂಧಪಟ್ಟದ್ದು. ಈ ಆಟಗಳ ಚಿತ್ರ ಬರೆದಿರೋದು ದೊಡ್ಡ ಪರದೆಗೆ. ಫೋನಿನಲ್ಲಿ ಸೂಜಿ, ಉಂಗುರ ಹುಡುಕೋಕೆ ಚಿತ್ರವನ್ನು ಎರಡು ಬೆರಳಿಂದ ಹಿಗ್ಗಿಸುತ್ತಲೇ ಇರಬೇಕು, ಅರ್ಧ ಗಂಟೆಗೆ ಕಣ್ಣು ಉರಿಯುತ್ತೆ. ಟ್ಯಾಬ್ ಅಥವಾ ಲ್ಯಾಪ್‌ಟಾಪ್ ಆದ್ರೆ ಆ ಕಷ್ಟ ಇಲ್ಲ. ಪಟ್ಟಿ ಎಲ್ಲದರಲ್ಲೂ ಇಂಗ್ಲಿಷಿನಲ್ಲೇ ಇರುತ್ತೆ, ಅದೂ ಅಮೆರಿಕದ ಮನೆ ಸಾಮಾನು. ಹೆಸರಿನ ಬದಲು ವಸ್ತುವಿನ ಕಪ್ಪು ನೆರಳು ತೋರಿಸೋ ಹಂತಗಳು ಹಲವು ಆಟಗಳಲ್ಲಿವೆ, ಅಲ್ಲಿ ಈ ತೊಡಕಿರೋಲ್ಲ.

ನಾನು ನಿಮ್ಮ ಜಾಗದಲ್ಲಿದ್ರೆ ಮೊದಲು 'ಮರ್ಡರ್, ಶೀ ರೋಟ್' ಮೊದಲ ಭಾಗ ಹಾಕ್ಕೋತಿದ್ದೆ. ಇಂಥ ಆಟ ಮಾರೋರಲ್ಲಿ ಒಂದು ಗಂಟೆ ಪುಕ್ಕಟೆ ಆಡಿಸಿ ಆಮೇಲೆ ಕೊಳ್ಳಿ ಅನ್ನೋ ಪದ್ಧತಿ ಹಳೇದು. ಅದು ಸಿಕ್ಕಿದ್ರೆ ಬಿಡಬೇಡಿ. ಅದು ತೀರಾ ಸುಲಭ ಅನ್ನಿಸಿದ್ರೆ 'ಸಿಎಸ್‌ಐ: ಎನ್‌ವೈ'. ಅದೂ ಸಾಲದು ಅನ್ನಿಸಿದ್ರೆ ಟೆಲ್‌ಟೇಲ್‌ನ 'ಹಾರ್ಡ್ ಎವಿಡೆನ್ಸ್'. ಅದರಲ್ಲಿ ಸುಳಿವಿನ ಬಟನ್ ಮುಟ್ಟದೆ ಒಂದು ಕೇಸ್ ಮುಗಿಸಿ ನನಗೆ ಬರೆಯಿರಿ, ಎಷ್ಟು ಅಂಕ ಬಂತು ಅಂತ.